ಕುಡಿಯದ ತಮ್ಮನಿಗೆ ಫ್ಯಾಟಿ ಲಿವರ್: ಇದು ಮನೆತನದಲ್ಲೇ ಬರುತ್ತಾ?

ಪಾಂಡವಪುರದವ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 31 ವರ್ಷ. ಎತ್ತರ 170 ಸೆಂ.ಮೀ., ತೂಕ 58 ಕೆ.ಜಿ. ಊರಲ್ಲೇ ವ್ಯವಸಾಯ. ಬೀಡಿ ಇಲ್ಲ, ಕುಡಿತ ಇಲ್ಲ. ಹೊಟ್ಟೆನೋವು ಅಂತ ಮಂಡ್ಯದಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ಗ್ರೇಡ್ 2 ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು) ಅಂತ ಬಂತು. ರಕ್ತ ಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಜಾಸ್ತಿ: ಎಸ್‌ಜಿಪಿಟಿ 88, ಎಸ್‌ಜಿಒಟಿ 62. ನಾನು ಮೈಸೂರಲ್ಲಿ ಕೂತು ಮಾಡೋ ಕೆಲಸದವನು, 84 ಕೆ.ಜಿ. ಅವನ ಜೊತೆ ನಾನೂ ಮಾಡಿಸಿಕೊಂಡೆ. ನನಗೆ ಏನೂ ಇಲ್ಲ! ಒಂದೇ ಅಪ್ಪ-ಅಮ್ಮನ ಮಕ್ಕಳು, ಹೀಗೆ ಬೇರೆ ಬೇರೆ ಯಾಕೆ?

ನೋಡಿದ ಡಾಕ್ಟರು "ಕುಡೀತೀಯಾ?" ಅಂತ ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ತಮ್ಮ ತಲೆ ತಗ್ಗಿಸಿಬಿಟ್ಟ. ನನಗೆ ಹೊಟ್ಟೆ ಉರಿದಿದ್ದು ಯಾಕೆ ಅಂದರೆ, ನಮ್ಮ ಅಪ್ಪ ಹೋಗಿದ್ದು ಲಿವರ್ ಗಟ್ಟಿಯಾಗಿ ಹಾಳಾಗುವ ಸಿರೋಸಿಸ್‌ನಿಂದ. ಅವರು ಹಬ್ಬದಲ್ಲೂ ಹೆಂಡ ಮುಟ್ಟಿದವರಲ್ಲ. ತಿಥಿಗೆ ಬಂದವರೇ ಹಿತ್ತಲಲ್ಲಿ ನಿಂತು "ಕದ್ದು ಕುಡೀತಿದ್ದ ಅನ್ಸುತ್ತೆ" ಅಂದರು. ಅಮ್ಮನ ಕಿವಿಗೂ ಬಿತ್ತು.

ಈಗ ಒಂದು ಲ್ಯಾಬಿನವರು ಜೀನ್ ಟೆಸ್ಟ್ ಮಾಡಿಸಿ, 12 ಸಾವಿರ ಆಗುತ್ತೆ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಮಾಡಿಸಬೇಕಾ? ಇದು ರಕ್ತದಲ್ಲೇ ಬರುತ್ತಾ? ಇನ್ನೊಂದು ವಿಷಯ, ನಮ್ಮದು ಸೋದರಿಕೆ. ಅಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು. ತಂಗಿಗೂ ಅವಳ ಮಕ್ಕಳಿಗೂ ಬರುತ್ತಾ?

ಸರಸ್ವತಿಪುರಂ
58 ಕೆ.ಜಿ.ಗೆ ಫ್ಯಾಟಿ ಲಿವರಾ? ಸ್ಕ್ಯಾನಿಂಗ್ ತಪ್ಪಿರಬೇಕು. ಬೇರೆ ಕಡೆ ಮಾಡಿಸಿ.

ಕುವೆಂಪುನಗರದ ಅಕ್ಕ
ತಪ್ಪೇನಿಲ್ಲ. ನಮ್ಮ ಯಜಮಾನರು 60 ಕೆ.ಜಿ., ಗ್ರೇಡ್ 2. ಸಣ್ಣಗಿರುವವರಿಗೂ ಬರುತ್ತೆ.

ಜೀವಶಾಸ್ತ್ರದ ಮೇಷ್ಟ್ರು
ಅಕ್ಕ ಹೇಳಿದ್ದು ಸರಿ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಬಂತು. ಬಡವರು, ಮೈಮುರಿದು ದುಡಿಯುವವರು, ಹೆಚ್ಚಿನವರು ಸಣಕಲು. ಅಲ್ಲಿ ನೂರಕ್ಕೆ 8–9 ಜನರಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ಕ್ಕಿಂತ ಕಡಿಮೆ. ನಮ್ಮ ಪಾಂಡವಪುರದವರ ತಮ್ಮ ಆ ಸಾಲಿಗೇ ಸೇರುತ್ತಾರೆ.

ರಕ್ತದಲ್ಲಿ ಬರುತ್ತಾ ಅಂದರೆ, ಒಂದಷ್ಟು ಹೌದು. ಸ್ಯಾನ್ ಡಿಯಾಗೊದಲ್ಲಿ ಅವಳಿಗಳನ್ನು ಇಟ್ಟುಕೊಂಡು ನೋಡಿದ ಅಧ್ಯಯನ 2015ರಲ್ಲಿ ಬಂತು. ಒಬ್ಬರಿಗೂ ಇನ್ನೊಬ್ಬರಿಗೂ ಲಿವರ್ ಕೊಬ್ಬಿನಲ್ಲಿ ಇರುವ ವ್ಯತ್ಯಾಸದ ಸುಮಾರು ಅರ್ಧಕ್ಕೆ ವಂಶವೇ ಕಾರಣ ಅಂತ ಅದರಲ್ಲಿ ಕಂಡಿತು. ಉಳಿದರ್ಧ ಊಟ, ಓಡಾಟ, ಸಕ್ಕರೆ ಕಾಯಿಲೆ ಇತ್ಯಾದಿ.

ಜೀನುಗಳಲ್ಲಿ ಮುಖ್ಯವಾದದ್ದು ಪಿಎನ್‌ಪಿಎಲ್‌ಎ3. ಇದು 22ನೇ ಕ್ರೋಮೋಸೋಮಿನಲ್ಲಿದೆ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಲಿವರ್ ಕೊಬ್ಬು ಅಳೆದು, ಜೀನುಗಳ ಜೊತೆ ತಾಳೆ ನೋಡಿದರು. ಈ ಜೀನಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಸಿ ಇರುವ ಕಡೆ ಜಿ ಆದರೆ, ಪ್ರೋಟೀನಿನ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಬದಲು ಮೆಥಿಯೋನಿನ್ ಬಂದು ಕೂರುತ್ತೆ. ಅಷ್ಟಕ್ಕೇ ಎಷ್ಟು ವ್ಯತ್ಯಾಸ ನೋಡಿ: ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡೂ ಪ್ರತಿ ಹಾಗೆ ಬಂದವರ ಲಿವರ್‌ನಲ್ಲಿ, ಒಂದೂ ಇಲ್ಲದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಕೊಬ್ಬು ಇತ್ತು.

ಆಲೆಮನೆ
ಮೇಷ್ಟ್ರೇ, ಒಂದು ಅಕ್ಷರ ಬದಲಾದರೆ ಕೊಬ್ಬು ಯಾಕೆ ಸೇರಿಕೊಳ್ಳುತ್ತೆ? ನಮಗೆ ಅರ್ಥ ಆಗೋ ಹಾಗೆ ಹೇಳಿ.

ಜೀವಶಾಸ್ತ್ರದ ಮೇಷ್ಟ್ರು
ಲಿವರ್ ಜೀವಕೋಶದೊಳಗೆ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಇರುತ್ತೆ. ಆ ಹನಿಯನ್ನು ಕತ್ತರಿಸಿ ಹೊರಗೆ ಕಳಿಸೋಕೆ ಬೇರೆ ಒಂದು ಕಿಣ್ವ ಇದೆ. ಅದಕ್ಕೊಂದು ಸಹಾಯಕ ಪ್ರೋಟೀನ್ ಬೇಕು. ಬದಲಾದ ಪಿಎನ್‌ಪಿಎಲ್‌ಎ3 ಪ್ರೋಟೀನ್ ಹೊತ್ತಿಗೆ ಸರಿಯಾಗಿ ಕರಗದೆ ಹನಿಯ ಮೇಲೇ ಪದರ ಪದರ ಕೂತುಬಿಡುತ್ತೆ. ಕೂತು ಆ ಸಹಾಯಕನನ್ನು ಹಿಡಿದಿಟ್ಟುಕೊಳ್ಳುತ್ತೆ. ವಿ.ಸಿ. ನಾಲೆಯ ತೂಬಿಗೆ ಕಸ ಕಟ್ಟಿಕೊಂಡ ಹಾಗೆ. ಮೇಲಿಂದ ನೀರು ಬರೋದು ನಿಲ್ಲಲ್ಲ, ಹೊರಗೆ ಹೋಗೋದು ಮಾತ್ರ ಕಡಿಮೆ.

ಬೋಗಾದಿ ರೋಡ್
ಕ್ಷಮಿಸಿ, ಎಲ್ಲಾ ಜೀನ್ ಮೇಲೆ ಹಾಕೋದು ಈಗ ಫ್ಯಾಷನ್ ಆಗಿದೆ. ನಮ್ಮ ತಾತಂದಿರಿಗೂ ಇದೇ ಜೀನ್ ಇತ್ತಲ್ವಾ? ಅವರಿಗ್ಯಾಕೆ ಬರಲಿಲ್ಲ? ಮುದ್ದೆ ಬಿಟ್ಟು ಮೂರು ಹೊತ್ತು ಪಾಲಿಶ್ ಅಕ್ಕಿ ತಿನ್ನೋಕೆ ಶುರು ಮಾಡಿದ್ದೇ ಕಾರಣ.

ಜೀವಶಾಸ್ತ್ರದ ಮೇಷ್ಟ್ರು
ತಾತಂದಿರಿಗೆ ಬರಲಿಲ್ಲ ಅಂತ ಹೇಗೆ ಹೇಳುತ್ತೀರಿ? ಆಗ ಹೊಟ್ಟೆಯ ಸ್ಕ್ಯಾನಿಂಗ್ ಇತ್ತಾ? ಆದರೆ ನಿಮ್ಮ ಮಾತಲ್ಲಿ ಸತ್ಯ ಇದೆ. ಈ ಜೀನಿನ ಪ್ರಭಾವ ಬೊಜ್ಜು ಹೆಚ್ಚಾದಷ್ಟೂ ಹೆಚ್ಚಾಗಿ ಕಾಣುತ್ತೆ. ಅಮೆರಿಕದ ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳಲ್ಲಿ ನೋಡಿದಾಗ, ಎರಡೂ ಪ್ರತಿ ಇದ್ದವರಲ್ಲಿ ಸಕ್ಕರೆ ಜಾಸ್ತಿ ತಿಂದಷ್ಟೂ ಲಿವರ್ ಕೊಬ್ಬು ಜಾಸ್ತಿ ಇತ್ತು. ಉಳಿದವರಲ್ಲಿ ಆ ನಂಟು ಕಾಣಲಿಲ್ಲ. ಜೀನ್ ಒಂದೇ ಕೆಲಸ ಮಾಡಲ್ಲ, ತಟ್ಟೆ ಒಂದೇ ಕೂಡ ಮಾಡಲ್ಲ.

ಆಲೆಮನೆ
ಸಕ್ಕರೆ ವಿಷಯ ಬಂತು, ಹೇಳಿಬಿಡುತ್ತೇನೆ. ಸಕ್ಕರೆ ಬೇರೆ, ಬೆಲ್ಲ ಬೇರೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಕೊಪ್ಪರಿಗೆ ಇಟ್ಟು ಬೆಲ್ಲ ಮಾಡುತ್ತಿದ್ದೇವೆ. ಔಷಧ ಹಾಕದ ಬೆಲ್ಲ ಯಾರಿಗೂ ಕೆಡುಕು ಮಾಡಲ್ಲ.

ಲಿವರ್ ವಾರ್ಡ್
ಮೈಸೂರಲ್ಲಿ ಲಿವರ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ ನಾನು. ಅಣ್ಣ, ನಿಮ್ಮ ಬೆಲ್ಲ ಚೆನ್ನಾಗಿರುತ್ತೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್. ಸುಕ್ರೋಸ್ ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್‌ನ ಹೆಚ್ಚಿನ ಪಾಲನ್ನು ಸಂಭಾಳಿಸುವುದು ಲಿವರೇ, ಮಿತಿ ಮೀರಿದರೆ ಅದನ್ನೇ ಕೊಬ್ಬು ಮಾಡುತ್ತೆ. ಲಿವರ್‌ಗೆ ಅದು ಬೆಲ್ಲದಿಂದ ಬಂತಾ, ಸಕ್ಕರೆಯಿಂದ ಬಂತಾ ಅನ್ನೋದು ಗೊತ್ತಾಗಲ್ಲ.

ಈಗ ಪಾಂಡವಪುರದವರಿಗೆ. ಜೀನ್ ಟೆಸ್ಟ್ ಪಕ್ಕಕ್ಕಿಡಿ. ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಇದೆ.

ಸಣ್ಣಗಿರುವ ಹುಡುಗ, ಚಿಕ್ಕ ವಯಸ್ಸು, ಅಪ್ಪನಿಗೆ ಸಿರೋಸಿಸ್, ಅಪ್ಪ-ಅಮ್ಮ ಸೋದರಿಕೆ. ಇಷ್ಟು ಕೇಳಿದ ಕೂಡಲೇ ನನಗೆ ಮೊದಲು ನೆನಪಾಗುವುದು ವಿಲ್ಸನ್ ಕಾಯಿಲೆ. ಎಟಿಪಿ7ಬಿ ಅನ್ನುವ ಜೀನ್ ಎರಡೂ ಕಡೆಯಿಂದ ಕೆಟ್ಟು ಬಂದರೆ ತಾಮ್ರ ಲಿವರ್‌ನಲ್ಲೇ ಉಳಿದುಬಿಡುತ್ತೆ. ಸ್ಕ್ಯಾನಿಂಗ್‌ನಲ್ಲಿ ಅದೂ ಫ್ಯಾಟಿ ಲಿವರ್ ಥರವೇ ಕಾಣಬಹುದು. ಅದಕ್ಕೆ ಮಾತ್ರೆ ಇದೆ, ಬೇಗ ಗೊತ್ತಾದರೆ ಜೀವ ಉಳಿಯುತ್ತೆ. ಆದ್ದರಿಂದ ರಕ್ತದಲ್ಲಿ ತಾಮ್ರ ಹೊರುವ ಸೆರುಲೊಪ್ಲಾಸ್ಮಿನ್ ಪ್ರೋಟೀನ್ ಎಷ್ಟಿದೆ ಅಂತ, ಕಣ್ಣಲ್ಲಿ ತಾಮ್ರ ಕೂತಿದೆಯಾ ಅಂತ ನೋಡಲು ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಅಗತ್ಯ ಬಿದ್ದರೆ 24 ಗಂಟೆಯ ಮೂತ್ರದಲ್ಲಿ ತಾಮ್ರ. ಜೊತೆಗೆ ಹೆಪಟೈಟಿಸ್ ಬಿ, ಸಿ, ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ). ಪ್ಲೇಟ್‌ಲೆಟ್ ಎಷ್ಟಿದೆ?

ಪಾಂಡವಪುರದವ
ತುಂಬಾ ಥ್ಯಾಂಕ್ಸ್ ಮೇಡಂ. ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ. ವಿಲ್ಸನ್ ಬಗ್ಗೆ ನಮಗೆ ಯಾರೂ ಹೇಳಲೇ ಇಲ್ಲ.

ಲಿವರ್ ವಾರ್ಡ್
ಹಾಗಾದರೆ ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜಿಸುವ ಫಿಬ್-4 ಲೆಕ್ಕ ನೀವೇ ಹಾಕಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ಟನ್ನು (ಸಾವಿರದ ಲೆಕ್ಕದಲ್ಲಿ, ಅಂದರೆ 210) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಬಂದದ್ದರಿಂದ ಮೊದಲಿನ ಉತ್ತರವನ್ನು ಭಾಗಿಸಿ. ನಿಮ್ಮ ತಮ್ಮನಿಗೆ 0.98 ಬರುತ್ತೆ. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಆದರೆ 35ರ ಒಳಗಿನವರಿಗೆ ಈ ಲೆಕ್ಕವನ್ನು ಪೂರ್ತಿ ನಂಬುವ ಹಾಗಿಲ್ಲ. ಅಪ್ಪನ ವಿಷಯವೂ ಇರುವುದರಿಂದ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಒಂದು ಫೈಬ್ರೋಸ್ಕ್ಯಾನ್ ಮಾಡಿಸಿ. ಸೂಜಿ ಇಲ್ಲ, ನೋವಿಲ್ಲ, ಹತ್ತು ನಿಮಿಷದ ಕೆಲಸ.

ಮದ್ದೂರಿನ ಸೊಸೆ
ಡಾಕ್ಟರು "ಕುಡೀತೀಯಾ" ಅಂತ ಮೂರು ಸಲ ಕೇಳಿದ್ದು ಓದಿ ನನಗೆ ಅಳು ಬಂತು. ನಮ್ಮ ಅತ್ತೆಗೆ ಸಿರೋಸಿಸ್. ಕಾಫಿ ಬಿಟ್ಟು ಇನ್ನೇನೂ ಕುಡಿಯದ ಹೆಂಗಸು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಕಡೆಯವರು ನಮ್ಮನ್ನು ನೋಡಿದ ರೀತಿ ಮರೆಯೋಕೆ ಆಗಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗಲೂ ಅತ್ತೆ ಸೀರೆ ಎಳೆದು ಎಳೆದು ಮುಚ್ಚಿಕೊಳ್ಳುತ್ತಿದ್ದರು, ಯಾರಿಗೂ ಕಾಣಬಾರದು ಅಂತ. ನಾದಿನಿಯ ಗಂಡಿನ ಕಡೆಯವರಿಗೆ ವಿಷಯ ಗೊತ್ತಾಗಿ ಸಂಬಂಧವೇ ಮುರಿಯಿತು. ನಾಚಿಕೆಯಿಂದ ತೋರಿಸಿಕೊಳ್ಳೋಕೆ ತಡ ಮಾಡಿದರು. ಕಾಯಿಲೆಗಿಂತ ಅದೇ ಜಾಸ್ತಿ ಹಾಳು ಮಾಡಿತು.

ಬೋಗಾದಿ ರೋಡ್
ಅಕ್ಕ, ನಿಮ್ಮ ಅತ್ತೆ ಈಗ ಹೇಗಿದ್ದಾರೆ?

ಮದ್ದೂರಿನ ಸೊಸೆ
ಇದ್ದಾರೆ ಅಣ್ಣ. ಉಪ್ಪು ಕಡಿಮೆ, ನೀರಿನ ಮಾತ್ರೆ ನಡೀತಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಲ್ಲ.

ಲಿವರ್ ವಾರ್ಡ್
ಕುಡಿತದ ಪ್ರಶ್ನೆ ಕೇಳಲೇಬೇಕು, ಅದು ನಮ್ಮ ಕೆಲಸ. ಆದರೆ ಒಂದು ಸಲ ಕೇಳಿ ಉತ್ತರ ನಂಬಬೇಕು. ಅನುಮಾನ ಇದ್ದರೆ ಮನೆಯವರನ್ನು ಗೌರವದಿಂದ ಕೇಳಬೇಕು.

ಇನ್ನೊಂದು ಮಾತು. ಇದೇ ಪಿಎನ್‌ಪಿಎಲ್‌ಎ3 ಕುಡಿಯುವವರಿಗೂ ಸಿರೋಸಿಸ್ ಅಪಾಯ ಹೆಚ್ಚಿಸುತ್ತೆ ಅಂತ 2010ರಿಂದಲೇ ಗೊತ್ತಿದೆ. ಒಂದೇ ಅಂಗಡಿಯಲ್ಲಿ ಒಂದೇ ಸಮ ಕುಡಿದ ಇಬ್ಬರಲ್ಲಿ ಒಬ್ಬನ ಲಿವರ್ ಹೋಗಿ, ಇನ್ನೊಬ್ಬ ಎಪ್ಪತ್ತಾದರೂ ಓಡಾಡಿಕೊಂಡಿರಲು ಇದೂ ಒಂದು ಕಾರಣ. ಅಪ್ಪನಿಗೋ ಅಮ್ಮನಿಗೋ ಲಿವರ್ ಕಾಯಿಲೆ ಇದ್ದ ಮನೆಯ ಮಕ್ಕಳು ಹೆಂಡದ ತಂಟೆಗೇ ಹೋಗಬೇಡಿ.

ಸರಸ್ವತಿಪುರಂ
ಸೋದರಮಾವನಿಗೆ ಕೊಟ್ಟಿದ್ದರಿಂದಲೇ ಇದೆಲ್ಲ ಆಗಿದ್ದು ಅನ್ನಿ. ಎಷ್ಟು ಹೇಳಿದರೂ ನಮ್ಮ ಕಡೆ ಬಿಡಲ್ಲ.

ಪಾಂಡವಪುರದವ
ಸಾರ್, ನಮ್ಮ ಅಮ್ಮ ಇದನ್ನು ಓದಲ್ಲ, ಆದರೂ ಹೀಗೆ ಬರೀಬೇಡಿ. ಅವರಿಬ್ಬರೂ ಚೆನ್ನಾಗಿ ಬಾಳಿದವರು.

ಜೀವಶಾಸ್ತ್ರದ ಮೇಷ್ಟ್ರು
ಮದುವೆಯನ್ನು ಬೈಯೋದು ಬೇಡ, ಲೆಕ್ಕ ಮಾತ್ರ ನೋಡೋಣ. ಸೋದರಮಾವನನ್ನು ಮದುವೆಯಾದರೆ, ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಇಳಿದು ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆಯ ಮಗ, ಮಾವನ ಮಗಳು ಅಂತಾದರೆ 16ರಲ್ಲಿ 1. ವಿಲ್ಸನ್ ಥರದ ಅಪರೂಪದ ಕಾಯಿಲೆಗೆ ಈ ಲೆಕ್ಕ ತುಂಬಾ ದೊಡ್ಡದು. ಪಿಎನ್‌ಪಿಎಲ್‌ಎ3ಗೆ ಅಷ್ಟು ದೊಡ್ಡದಲ್ಲ, ಯಾಕೆಂದರೆ ಆ ಅಕ್ಷರ ಅಪರೂಪವೇ ಅಲ್ಲ. ಡಲ್ಲಾಸ್ ಅಧ್ಯಯನದಲ್ಲಿ ಹಿಸ್ಪಾನಿಕ್ ಜನರ ಜೀನ್ ಪ್ರತಿಗಳಲ್ಲಿ 49% ಹೀಗಿದ್ದವು, ಆಫ್ರಿಕನ್ ಅಮೆರಿಕನ್ನರಲ್ಲಿ 17%. ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೂ ಮಗುವಿಗೆ ಎರಡೂ ಬರಬಹುದು.

ಒಂದೇ ಅಪ್ಪ-ಅಮ್ಮನ ಮಕ್ಕಳು ಬೇರೆ ಬೇರೆ ಯಾಕೆ ಅಂತ ಕೇಳಿದಿರಲ್ಲ. ಇಬ್ಬರ ಹತ್ತಿರವೂ ಒಂದೊಂದು ಬದಲಾದ ಪ್ರತಿ ಇದ್ದರೆ, ಪ್ರತಿ ಮಗುವಿಗೂ ಎರಡೂ ಬರುವ ಸಾಧ್ಯತೆ 4ರಲ್ಲಿ 1, ಒಂದೂ ಬಾರದಿರುವ ಸಾಧ್ಯತೆ 4ರಲ್ಲಿ 1. ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಬರೋದು ತೀರಾ ಸಹಜ.

ಮಿಷನ್ ಆಸ್ಪತ್ರೆ ಪಾಪು
ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಸಣ್ಣ ಮೈಯ ಕೊಬ್ಬಿನ ಬಗ್ಗೆ ದೊಡ್ಡ ಕೆಲಸ ನಡೆದಿರುವುದು ನಮ್ಮ ಮೈಸೂರಲ್ಲೇ. ಸಿಎಸ್ಐ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುತ್ತೇವಲ್ಲ, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹೃದಯದ ಕಾಯಿಲೆ ಬಂತು ಅಂತ ನೋಡಿದರು. 1997–98ರಲ್ಲಿ ಪಾರ್ಥೆನಾನ್ ಅಂತ ಹೊಸ ಅಧ್ಯಯನ ಶುರುವಾಯಿತು. ಅದರ ಮಕ್ಕಳಲ್ಲಿ ನಾನೂ ಒಬ್ಬಳು.

ಚಿಕ್ಕವಳಿದ್ದಾಗ ಅಮ್ಮ ಬೆಳಿಗ್ಗೆ ತಿಂಡಿ ಕೊಡದೆ ಕರೆದುಕೊಂಡು ಹೋಗುತ್ತಿದ್ದರು. ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆಯುತ್ತಿದ್ದರು. ಬೆನ್ನಿನ ಮೇಲೆ, ಭುಜದ ಮೂಳೆಯ ಕೆಳಗೆ, ಚರ್ಮವನ್ನು ಚಿಮುಟದಂಥ ಒಂದು ಸಾಧನದಲ್ಲಿ ಹಿಡಿದು ಅಳೆಯುತ್ತಿದ್ದರು. ತಣ್ಣಗೆ ತಾಗುತ್ತಿತ್ತು, ನಾನು ನುಲಿಯುತ್ತಿದ್ದೆ. ಯಾಕೆ ಅಳೆಯುತ್ತಿದ್ದರು ಅಂತ ಓದಿಕೊಂಡಿದ್ದು ಡಿಗ್ರಿಗೆ ಬಂದ ಮೇಲೆ. ಮೈಸೂರಿನ ಮಕ್ಕಳು ಇಂಗ್ಲೆಂಡಿನ ಮಕ್ಕಳಿಗಿಂತ ತೂಕ, ಉದ್ದ, ತೋಳಿನ ದಪ್ಪ ಎಲ್ಲದರಲ್ಲೂ ಕಡಿಮೆ. ಆದರೆ ಆ ಭುಜದ ಕೆಳಗಿನ ಕೊಬ್ಬಿನಲ್ಲಿ ಮಾತ್ರ ಕಡಿಮೆಯಿರಲಿಲ್ಲ. ಹುಟ್ಟುವಾಗಲೇ! ಪುಣೆಯಲ್ಲೂ ಡಾ. ಯಾಜ್ಞಿಕ್ ಇದನ್ನೇ ಕಂಡಿದ್ದರು. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಇನ್ನೂ ಜಾಸ್ತಿ ಇತ್ತು.

ಅಂದರೆ ವಂಶದಲ್ಲಿ ಬರೋದೆಲ್ಲ ಜೀನ್ ಅಲ್ಲ. ತಾಯಿಯ ಹೊಟ್ಟೆಯಲ್ಲಿ ಏನಾಯಿತು ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಕುವೆಂಪುನಗರದ ಅಕ್ಕ
ನಮ್ಮ ತಂಗಿ ಹುಟ್ಟಿದ್ದೂ ಅಲ್ಲೇ! ಅವಳನ್ನೂ ಕರೆದಿದ್ದರು ಅಂತ ಅಮ್ಮ ಹೇಳುತ್ತಿದ್ದರು. ಎಂಥ ಕೆಲಸ ಅಲ್ವಾ, ಅಷ್ಟು ವರ್ಷದ ಕಡತ ಕಾಪಾಡೋದು.

ಲಿವರ್ ವಾರ್ಡ್
ಇದಕ್ಕೇ ನಮ್ಮವರಿಗೆ ಅಳತೆಗೋಲೇ ಬೇರೆ. ಬಿಎಂಐ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಪಾಂಡವಪುರದವರೇ, ತಮ್ಮನ ಸೊಂಟ ಅಳೆದು ಹೇಳಿ. ದಿನಕ್ಕೆ ಏನೇನು ತಿನ್ನುತ್ತಾರೆ, ಕುಡಿಯುತ್ತಾರೆ ಅಂತಲೂ ಬರೆದುಕೊಳ್ಳಿ. ಟೀ ಸಮೇತ.

ಹುಣಸೂರು ರೋಡ್
ನೆಲನೆಲ್ಲಿ ಅರೆದು ಹಾಲಲ್ಲಿ ಕೊಡಿ. ಅಮೃತಬಳ್ಳಿ ಕಷಾಯ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮೂರು ತಿಂಗಳಲ್ಲಿ ಲಿವರ್ ಕ್ಲೀನ್.

ಲಿವರ್ ವಾರ್ಡ್
ದಯವಿಟ್ಟು ಬೇಡ. ಕೋವಿಡ್ ಸಮಯದಲ್ಲಿ ರೋಗನಿರೋಧಕ ಶಕ್ತಿಗೆ ಅಂತ ಅಮೃತಬಳ್ಳಿ ಕುಡಿದು ಲಿವರ್‌ಗೆ ಪೆಟ್ಟಾದವರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಎಸ್‌ಜಿಪಿಟಿ ಏರಿರುವ ಹುಡುಗನಿಗೆ ಅದನ್ನು ಕೊಡಬೇಡಿ.

ಹುಣಸೂರು ರೋಡ್
ಹಿರಿಯರು ಕುಡಿದೇ ಬದುಕಿದವರು ಮೇಡಂ.

ಮದ್ದೂರಿನ ಸೊಸೆ
ನಮ್ಮ ಅತ್ತೆಗೂ ಯಾರೋ ಕಷಾಯ ಕುಡಿಸಿದ್ದರು. ಎರಡೇ ವಾರಕ್ಕೆ ಕಣ್ಣು ಅರಿಶಿನ ಆಯಿತು. ಇಂಥ ಸಲಹೆ ಕೊಡುವವರು ಆಮೇಲೆ ಆಸ್ಪತ್ರೆಗೆ ಬರಲ್ಲ.

ಆಲೆಮನೆ
ಕಾಫಿ ಒಳ್ಳೆಯದು ಅಂತ ಎಲ್ಲೋ ಓದಿದೆ, ನಿಜವಾ? ನಿಜ ಆದರೆ ನಾವು ಮೈಸೂರು-ಮಂಡ್ಯದವರು ಬಚಾವ್.

ಲಿವರ್ ವಾರ್ಡ್
ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಡಿಕಾಕ್ಷನ್ ಕುಡಿಯಿರಿ, ಸಕ್ಕರೆ ಬೇಡ.

ಬೋಗಾದಿ ರೋಡ್
ಹಾಗಾದರೆ ಜೀನ್ ಟೆಸ್ಟ್ ಬೇಕಾ ಬೇಡ್ವಾ? ಅದಕ್ಕೆ ಉತ್ತರ ಬರಲೇ ಇಲ್ಲ.

ಲಿವರ್ ವಾರ್ಡ್
ಈಗಿನ ಮಟ್ಟಿಗೆ ಬೇಡ. ದೊಡ್ಡ ಲಿವರ್ ಸಂಘಗಳ ಮಾರ್ಗಸೂಚಿಗಳು ಎಲ್ಲರಿಗೂ ಇದನ್ನು ಮಾಡಿಸಿ ಅಂತ ಹೇಳಲ್ಲ. ಟೆಸ್ಟಿನಲ್ಲಿ ಆ ಬದಲಾವಣೆ ಬಂದರೂ ಬರದಿದ್ದರೂ ನಾನು ಕೊಡುವ ಸಲಹೆ ಒಂದೇ. ಇನ್ನೂ ಒಂದು ಖುಷಿಯ ವಿಷಯ: ಎರಡೂ ಪ್ರತಿ ಇದ್ದವರಲ್ಲೂ ತೂಕ ಇಳಿದರೆ ಲಿವರ್ ಕೊಬ್ಬು ಚೆನ್ನಾಗಿಯೇ ಇಳಿಯುತ್ತೆ. ಆ 12 ಸಾವಿರದಲ್ಲಿ ತಮ್ಮನಿಗೆ ವಿಲ್ಸನ್ ಪರೀಕ್ಷೆ, ಫೈಬ್ರೋಸ್ಕ್ಯಾನ್, ಅಮ್ಮನಿಗೂ ತಂಗಿಗೂ ಒಂದೊಂದು ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮಾಡಿಸಿ. ಕುಡಿತವಿಲ್ಲದ ಸಿರೋಸಿಸ್ ಇರುವವರ ಒಡಹುಟ್ಟಿದವರು, ಮಕ್ಕಳಲ್ಲಿ ಲಿವರ್ ಗಟ್ಟಿಯಾಗುವ ಅಪಾಯ ಬೇರೆಯವರಿಗಿಂತ ಸುಮಾರು 12 ಪಟ್ಟು ಅಂತ 2017ರ ಒಂದು ಅಧ್ಯಯನದಲ್ಲಿ ಕಂಡಿದೆ.

ಜೀವಶಾಸ್ತ್ರದ ಮೇಷ್ಟ್ರು
ಆ ಲ್ಯಾಬಿನವರ ಪಟ್ಟಿಯಲ್ಲಿ ಎಪಿಒಸಿ3 ಅನ್ನುವ ಜೀನ್ ಇದೆಯಾ ನೋಡಿ. ಭಾರತೀಯ ಮೂಲದ ಗಂಡಸರಿಗೆ ಇದೇ ಕಾರಣ ಅಂತ 2010ರಲ್ಲಿ ದೊಡ್ಡ ಸುದ್ದಿ ಆಗಿತ್ತು. ಆ ಅಧ್ಯಯನದಲ್ಲಿದ್ದ ಭಾರತೀಯ ಮೂಲದ ಗಂಡಸರು ನೂರಕ್ಕಿಂತ ಕಡಿಮೆ. ಆಮೇಲೆ ದೊಡ್ಡ ಗುಂಪುಗಳಲ್ಲಿ ನೋಡಿದಾಗ ಅದು ನಿಲ್ಲಲಿಲ್ಲ. ಇನ್ನೂ ಅದನ್ನೇ ಮಾರುತ್ತಿದ್ದರೆ ನಂಬಬೇಡಿ.

ಜೀನುಗಳಲ್ಲಿ ಒಳ್ಳೆಯವೂ ಇವೆ. ಎಚ್‌ಎಸ್‌ಡಿ17ಬಿ13 ಅನ್ನುವ ಜೀನಿನ ಒಂದು ಬದಲಾವಣೆ ಲಿವರ್ ಹಾಳಾಗುವುದನ್ನು ತಡೆಯುತ್ತೆ ಅಂತ 2018ರಲ್ಲಿ ಗೊತ್ತಾಯಿತು. ಟಿಎಂ6ಎಸ್‌ಎಫ್‌2ರದ್ದು ಇನ್ನೊಂದು ಥರ. ಅದರಲ್ಲಿನ ಒಂದು ಬದಲಾವಣೆಯಿಂದ ಕೊಬ್ಬು ಲಿವರ್‌ನಿಂದ ರಕ್ತಕ್ಕೆ ಸರಿಯಾಗಿ ಹೋಗಲ್ಲ. ಲಿವರ್‌ಗೆ ಕೆಡುಕು, ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆಯಾಗಿ ಹೃದಯಕ್ಕೆ ಒಳ್ಳೆಯದು. ಅದಕ್ಕೇ "ಕೆಟ್ಟ ಜೀನ್" ಅಂತ ಸುಮ್ನೆ ಹಣೆಪಟ್ಟಿ ಕಟ್ಟೋಕೆ ಆಗಲ್ಲ.

ಕುವೆಂಪುನಗರದ ಅಕ್ಕ
ಮಾತ್ರೆ ಏನಾದರೂ ಬಂದಿದೆಯಾ ಮೇಡಂ? ಅಮೆರಿಕದಲ್ಲಿ ಬಂದಿದೆ ಅಂತ ಮಗ ಹೇಳಿದ.

ಲಿವರ್ ವಾರ್ಡ್
ಬಂದಿದೆ ಅಕ್ಕ. ಅಲ್ಲಿ ರೆಸ್ಮೆಟಿರಾಮ್ ಮಾತ್ರೆಗೆ 2024ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ ಇಂಜೆಕ್ಷನ್‌ಗೆ 2025ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿದೆ. ಆದರೆ ಎರಡೂ ಉರಿಯೂತ ಇದ್ದು ಲಿವರ್ ಮಧ್ಯಮ ಮಟ್ಟದಲ್ಲಿ ಅಥವಾ ಅದಕ್ಕಿಂತ ಜಾಸ್ತಿ ಗಟ್ಟಿಯಾಗಿರುವ, ಆದರೆ ಸಿರೋಸಿಸ್ ಇನ್ನೂ ಆಗಿರದವರಿಗೆ. ಬರೀ ಕೊಬ್ಬು ಇರುವವರಿಗಲ್ಲ.

ಪಾಂಡವಪುರದವ
ಎಲ್ಲರಿಗೂ ಮತ್ತೆ ನಮಸ್ಕಾರ. ರಿಪೋರ್ಟ್‌ಗಳು ಬಂದವು. ಸೆರುಲೊಪ್ಲಾಸ್ಮಿನ್ ನಾರ್ಮಲ್, ಕಣ್ಣಲ್ಲಿ ಏನೂ ಇಲ್ಲ, ಹೆಪಟೈಟಿಸ್ ಎರಡೂ ಇಲ್ಲ. ಎಚ್‌ಬಿಎ1ಸಿ 5.9. ಫೈಬ್ರೋಸ್ಕ್ಯಾನ್‌ನಲ್ಲಿ 6.1 ಕೆಪಿಎ. ಸೊಂಟ 91 ಸೆಂ.ಮೀ. ಬಂತು! ಶರ್ಟ್ ಬಿಚ್ಚಿ ನಿಂತಾಗ ನೋಡಿದೆ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಬಟ್ಟೆ ಹಾಕಿದರೆ ಗೊತ್ತೇ ಆಗಲ್ಲ.

ಊಟ ಬರೆದುಕೊಂಡೆವು. ಮುದ್ದೆ, ಬಸ್ಸಾರು, ಅನ್ನ ಎಲ್ಲ ಮಾಮೂಲು. ಸಿಕ್ಕಿಬಿದ್ದಿದ್ದು ಟೀ. ಕಬ್ಬು ಕಡಿಯುವ ದಿನ ಆಳುಗಳ ಜೊತೆ ಇವನೂ ಆರು ಗ್ಲಾಸ್ ಕುಡಿಯುತ್ತಾನೆ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಸಂಜೆ ಡೈರಿ ಹತ್ತಿರ ಒಂದು ಬಾಟಲಿ ಕೂಲ್ ಡ್ರಿಂಕ್ಸ್. ಕುಡಿಯೋ ಚಟ ಇಲ್ಲ ಅಂತ ಸ್ನೇಹಿತರು ಅವನಿಗೆ ಅದನ್ನೇ ಕೊಡಿಸುತ್ತಾರಂತೆ.

ಲಿವರ್ ವಾರ್ಡ್
6.1 ಒಳ್ಳೆಯ ಸುದ್ದಿ. 8ರ ಒಳಗಿದ್ದರೆ ಲಿವರ್ ಹೆಚ್ಚು ಗಟ್ಟಿಯಾಗಿಲ್ಲ ಅಂತ ಅರ್ಥ. ಆದರೆ 5.9 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಚಮಚಕ್ಕೆ 5 ಗ್ರಾಂ ಅಂತ ಹಿಡಿದರೆ ಟೀಯಲ್ಲೇ 60 ಗ್ರಾಂ ಸಕ್ಕರೆ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ಇಡೀ ದಿನಕ್ಕೆ 50 ಗ್ರಾಂ ಒಳಗೆ, ಸಾಧ್ಯವಾದರೆ 25ರ ಒಳಗೆ. ಕೂಲ್ ಡ್ರಿಂಕ್ಸ್ ಇವತ್ತೇ ನಿಲ್ಲಲಿ. ಟೀಗೆ ಸಕ್ಕರೆ ವಾರವಾರ ಅರ್ಧ ಚಮಚ ಇಳಿಸಲಿ. ದಪ್ಪಗಿರುವವರಿಗೆ ನಾವು 7–10% ತೂಕ ಇಳಿಸಿ ಅನ್ನುತ್ತೇವೆ. ಇವರಿಗೆ 3–5% ಸಾಕು, ಅಂದರೆ ಎರಡು ಎರಡೂವರೆ ಕೆ.ಜಿ. ಊಟ ಬಿಟ್ಟು ಇಳಿಸಬೇಡಿ, ಕೈಕಾಲಿನ ಮಾಂಸ ಕರಗುತ್ತೆ. ಕಾಳು, ಮೊಟ್ಟೆ, ಮೊಸರು ಜಾಸ್ತಿ ಆಗಲಿ. ಆರು ತಿಂಗಳು ಬಿಟ್ಟು ಎಸ್‌ಜಿಪಿಟಿ ನೋಡಿ.

ಆಲೆಮನೆ
ತಮ್ಮನಿಗೆ ನಮ್ಮ ಕಡೆಯಿಂದ ಒಂದು ಮಾತು ಹೇಳಿ. ಆಳುಗಳಿಗೆ ಟೀ ಕೊಡುವಾಗ ತನಗೆ ಮಜ್ಜಿಗೆ ತರಿಸಿಕೊಳ್ಳಲಿ. ನಾನೂ ಈ ಸೀಸನ್‌ನಿಂದ ಹಾಗೇ ಮಾಡುತ್ತೇನೆ.

ಪಾಂಡವಪುರದವ
ಹೇಳುತ್ತೇನೆ ಅಣ್ಣ. ಅಮ್ಮನಿಗೂ ಸ್ಕ್ಯಾನಿಂಗ್ ಆಯಿತು, ಗ್ರೇಡ್ 1. ಮೇಷ್ಟ್ರು, ಮೇಡಂ ಬರೆದಿದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. "ಕುಡಿಯದವರಿಗೂ ಬರುತ್ತೆ ಅಂತ ಡಾಕ್ಟರೇ ಬರೆದಿದ್ದಾರಾ?" ಅಂತ ಕೇಳಿದರು. ಹೌದು ಅಂದೆ. ಪ್ರಿಂಟ್ ತೆಗೆಸಿಕೊಡು, ನಿಮ್ಮ ದೊಡ್ಡಪ್ಪನಿಗೆ ತೋರಿಸಬೇಕು ಅಂದರು. ತಂಗಿ ಗುರುವಾರ ಮೈಸೂರಿಗೆ ಬರುತ್ತಾಳೆ. ಫೈಬ್ರೋಸ್ಕ್ಯಾನ್‌ಗೆ ಖಾಲಿ ಹೊಟ್ಟೆಯಲ್ಲಿ ಇರಬೇಕಾ?

ಲಿವರ್ ವಾರ್ಡ್
ಮೂರು ಗಂಟೆ ಏನೂ ತಿನ್ನದೆ ಇದ್ದರೆ ಸಾಕು. ಗರ್ಭಿಣಿ ಆಗಿದ್ದರೆ ಮೊದಲೇ ತಿಳಿಸಲಿ. ಅಪ್ಪನ ಹಳೆಯ ರಿಪೋರ್ಟ್ ಯಾವುದಾದರೂ ಮನೆಯಲ್ಲಿದ್ದರೆ ಅದನ್ನೂ ತರಲಿ.